ನಲವತ್ತರ ಮೇಲೆ ಗೊತ್ತಾದ ಎಡಿಎಚ್‌ಡಿ: ನಮ್ಮ ಕಡೆಯ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಲೆಕ್ಕಶಾಸ್ತ್ರ ಕಲಿಸುತ್ತೇನೆ. ನನಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ ಎಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅದನ್ನು ಮುಚ್ಚಿಡದೆ ಹೇಳಿಕೊಂಡೆ. ಅಂದಿನಿಂದ ಸ್ಟಾಫ್‌ರೂಮಿನವರು, ಓಣಿಯವರು, ಹಳೆಯ ವಿದ್ಯಾರ್ಥಿನಿಯರು, ಸಿಂಧನೂರು ಗಂಗಾವತಿ ಕಡೆಯ ಬೀಗರು ಮೆಲ್ಲಗೆ ಬದಿಗೆ ಕರೆದು ಕೇಳುತ್ತಲೇ ಇದ್ದಾರೆ. ಅವರಿಗೆ ಕೊಟ್ಟ ಉತ್ತರಗಳನ್ನೇ ಇಲ್ಲಿ ಕೂಡಿಸಿದ್ದೇನೆ. ನಾನು ವೈದ್ಯೆಯಲ್ಲ. ಗುಳಿಗೆಯ ವಿಚಾರದಲ್ಲಿ ನಿಮ್ಮನ್ನು ನೋಡಿದ ಡಾಕ್ಟರ ಮಾತೇ ಕೊನೆಯದು.

ಎಡಿಎಚ್‌ಡಿ ಅಂದ್ರ ಕುಂತಲ್ಲಿ ಕೂಡದ ಸಣ್ಣ ಹುಡುಗರಿಗೆ ಇರೋದಲ್ಲೇನ್ರಿ?

ಮೊದಲು ಎಲ್ಲರೂ ಹಾಗೇ ತಿಳಿದಿದ್ದರು, ಡಾಕ್ಟರುಗಳೂ ಸೇರಿ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ ಅವರು ನೋಡಿದವರಲ್ಲಿ ಹೆಚ್ಚಿನವರು ಗಂಡುಮಕ್ಕಳು. ಬೆಂಚು ಹಾರುವವನು ಕಣ್ಣಿಗೆ ಬೀಳುತ್ತಾನೆ, ಕಿಟಕಿಯಾಚೆ ನೋಡುತ್ತಾ ಕೂತವಳು ಬೀಳುವುದಿಲ್ಲ. ಓಡಾಟ, ಗದ್ದಲ ಇಲ್ಲದೆ ಬರೀ ಗಮನದ ತೊಂದರೆಯೂ ಇರಬಹುದು ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದು 1980ರಲ್ಲಿ. 2013ರ ಆವೃತ್ತಿಯಲ್ಲಿ ಇನ್ನೆರಡು ಬದಲಾವಣೆ ಆದವು. ಲಕ್ಷಣಗಳು 7 ವರ್ಷದೊಳಗೇ ಕಾಣಿಸಿರಬೇಕು ಎಂಬುದು 12 ವರ್ಷಕ್ಕೆ ಸಡಿಲವಾಯಿತು. ಮಕ್ಕಳಿಗೆ 9ರಲ್ಲಿ 6 ಲಕ್ಷಣ ಬೇಕಾದರೆ 17 ತುಂಬಿದವರಿಗೆ 5 ಸಾಕು ಎಂದಾಯಿತು. ನಮ್ಮ ವಯಸ್ಸಿನವರು ಶಾಲೆ ಮುಗಿಸಿ ಎಷ್ಟೋ ವರ್ಷವಾದ ಮೇಲೆ ಬಂದ ಮಾತು ಇದು. ಬಾಲ್ಯದಲ್ಲಿ ಆಸ್ಪತ್ರೆಗೆ ಬರುವವರಲ್ಲಿ ಒಬ್ಬ ಹುಡುಗಿಗೆ ಸುಮಾರು ಮೂವರು ಹುಡುಗರು ಇರುತ್ತಾರೆ. ದೊಡ್ಡವರಲ್ಲಿ ಈ ಅಂತರ ಬಹಳಷ್ಟು ಕರಗುತ್ತದೆ.

ಮಿದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ ಇದು. ಗಮನವನ್ನು ಬೇಕಾದ ಕಡೆ ನಿಲ್ಲಿಸುವುದು, ಕೆಲಸಕ್ಕೆ ಕೈ ಹಚ್ಚುವುದು, ಹಚ್ಚಿದ್ದನ್ನು ಮುಗಿಸುವುದು, ಹೊತ್ತಿನ ಅಂದಾಜು ಹಿಡಿಯುವುದು, ಬಾಯಿಗೆ ಬಂದ ಮಾತನ್ನು ತಡೆಯುವುದು, ಇವು ಬೇರೆಯವರಿಗಿಂತ ಕಷ್ಟವಾಗುತ್ತವೆ. ಗಮನ ಇದ್ದೇ ಇರುತ್ತದೆ. ತುಂಗಭದ್ರಾ ಡ್ಯಾಮು ತುಂಬಿದ್ದರೂ ಎಡದಂಡೆ ಕಾಲುವೆಯ ಕೊನೆಭಾಗದ ಹೊಲಕ್ಕೆ ಬೇಕಾದ ಹೊತ್ತಿಗೆ ನೀರು ಮುಟ್ಟದಂತೆ, ಅದು ಬೇಕಾದ ಕೆಲಸಕ್ಕೆ ಬೇಕಾದ ಹೊತ್ತಿಗೆ ಮುಟ್ಟುವುದಿಲ್ಲ.

ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್‌ನಾಗ ಪಾಸಾದಾಕಿ ನಾನು. ನನಗ ಹೆಂಗ ಇರ್ತದ?

ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಹೇಗೆ ಪಾಸಾದಿರಿ ಎಂಬುದನ್ನು ನೆನಪಿಸಿಕೊಳ್ಳಿ. ವರ್ಷಪೂರ್ತಿ ಪುಸ್ತಕ ಮುಟ್ಟದೆ ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನ ತನಕ ಓದಿದವರು ನಮ್ಮಲ್ಲಿ ಬಹಳ. ಹೆದರಿಕೆ ಇದ್ದಾಗ ನಮ್ಮ ಮಿದುಳು ಚೆನ್ನಾಗಿ ಓಡುತ್ತದೆ. ಹಾಗೆ ಹೆದರಿಕೆಯ ಮೇಲೇ ಬದುಕು ನಡೆಸಿ ದಣಿಯುತ್ತದೆ ಕೂಡ. ಹುಡುಗಿಯರ ಚಡಪಡಿಕೆ ಕಾಲಿನಲ್ಲಿ ಕಾಣುವುದು ಕಡಿಮೆ. ಉಗುರು ಕಡಿಯುವುದು, ಜಡೆ ತಿರುವುವುದು, ಮಾತಾಡಿದ್ದೇ ಮಾತಾಡುವುದು, ಇಲ್ಲವೇ ತಲೆಯೊಳಗೆ ಏಕಕಾಲಕ್ಕೆ ಎಂಟು ರೇಡಿಯೋ ಹಚ್ಚಿದಂತಿರುವುದು. ಟೀಚರು ‘ಜಾಣೆ, ಆದರೆ ಲಕ್ಷ್ಯ ಸಾಲದು’ ಎಂದು ಬರೆದು ಮುಂದಿನ ತರಗತಿಗೆ ಕಳಿಸಿಬಿಡುತ್ತಾರೆ.

ಮದುವಿ ಆಗೋತನಕ ಏನೂ ಇರಲಿಲ್ಲ. ಈಗೆಲ್ಲಿಂದ ಬಂತು?

ಈಗ ಬಂದಿದ್ದರೆ ಅದು ಎಡಿಎಚ್‌ಡಿ ಅಲ್ಲ, ಬೇರೆ ಏನೋ. ಮೊದಲಿಂದ ಇದ್ದದ್ದು ಈಗ ಕಂಡಿತು ಎನ್ನುವುದಾದರೆ ಅದಕ್ಕೆ ಕಾರಣಗಳಿವೆ.

ತವರಿನಲ್ಲಿ ಎಬ್ಬಿಸುವವಳು ಅವ್ವ. ಶಾಲೆಯಲ್ಲಿ ಗಂಟೆ, ಹಾಸ್ಟೆಲಿನಲ್ಲಿ ವಾರ್ಡನ್. ಯಾವಾಗ ಏನು ಮಾಡಬೇಕು ಎಂಬ ಲೆಕ್ಕವನ್ನು ಬೇರೆಯವರು ಹಿಡಿದಿದ್ದರು, ನಾವು ಅದರೊಳಗೆ ನಡೆದೆವು. ಮದುವೆಯಾಗುತ್ತಲೇ ಮನೆಯ ಅಷ್ಟೂ ಲೆಕ್ಕ ಒಬ್ಬಳ ತಲೆಗೆ ಬಂದು ಕೂತಿತು. ಮಕ್ಕಳ ಡಬ್ಬಿ, ಫೀಜಿನ ಕೊನೆಯ ದಿನ, ಅತ್ತೆಯ ಬಿಪಿ ಗುಳಿಗೆ, ಗ್ಯಾಸ್ ಬುಕ್ಕಿಂಗು, ಸಂಘದ ಕಂತು, ಯಾರ ಮದುವೆಗೆ ಎಷ್ಟು ಮುಯ್ಯಿ ಬಂದಿತ್ತು, ತಿರುಗಿ ಎಷ್ಟು ಮಾಡಬೇಕು. ಇದ್ಯಾವುದಕ್ಕೂ ಗಂಟೆ ಬಾರಿಸುವವರಿಲ್ಲ. ಮರೆತಾಗ ಮಾತ್ರ ಎಲ್ಲರಿಗೂ ಕಾಣುತ್ತದೆ.

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟೊಂದರಲ್ಲಿ ಹೊಲಿಯುವ ಪರಿಚಯದ ಹೆಣ್ಣುಮಗಳಿದ್ದಾಳೆ. ಬೆಲ್ಟಿನ ಲೂಪು ಹಚ್ಚಲು ಕೂತರೆ ಅವಳನ್ನು ಮೀರಿಸುವವರಿಲ್ಲ. ಪೀಸಿಗೆ ಇಷ್ಟು ಎಂದು ಕೂಲಿ, ಎದುರಿಗೆ ಒಂದೇ ಕೆಲಸ, ಮುಗಿದ ಕಟ್ಟು ಪಕ್ಕದಲ್ಲಿ ಬೆಳೆಯುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ. ಮನೆಗೆ ಬಂದು ರೊಟ್ಟಿಗೆ ಹಂಚಿಟ್ಟು ಹಿಟ್ಟು ನಾದುವಾಗ ನಳ ಬಂದ ಸಪ್ಪಳ ಕೇಳಿಸುತ್ತದೆ. ಕೊಡ ಇಡಲು ಅಂಗಳಕ್ಕೆ ಹೋಗುತ್ತಾಳೆ. ಅಲ್ಲಿ ಒಣಗಿದ ಬಟ್ಟೆ ಕಂಡು ಅದೇ ಹಿಟ್ಟಿನ ಕೈಯಲ್ಲಿ ಎರಡು ಅಂಗಿ ತೆಗೆಯುತ್ತಾಳೆ, ಕೈ ತೊಳೆಯಲು ಬಚ್ಚಲಿಗೆ ಹೋಗಿ ಅಲ್ಲಿ ನೆನೆಹಾಕಿದ ಬಟ್ಟೆ ಹಿಂಡುತ್ತಾ ನಿಲ್ಲುತ್ತಾಳೆ. ಒಳಗೆ ಹಂಚು ಕೆಂಪಗಾಗಿ ಹೊಗೆ ಎದ್ದಿರುತ್ತದೆ, ಹೊರಗೆ ಕೊಡ ತುಂಬಿ ಹರಿಯುತ್ತಿರುತ್ತದೆ. ‘ದುಡಿಯಾಕ ಲಕ್ಷ್ಯ ಐತಿ, ಮನಿ ಕಡೆ ಇಲ್ಲ’ ಎನ್ನುತ್ತಾರೆ ಮನೆಯವರು. ಎರಡೂ ಒಂದೇ ತಲೆಯ ಕೆಲಸ. ಆಸಕ್ತಿ, ಆತುರ, ತಕ್ಷಣ ಕಾಣುವ ಫಲ ಇದ್ದಲ್ಲಿ ಅದು ಅಂಟಿಕೊಂಡು ಕೂಡುತ್ತದೆ, ಇಲ್ಲದಲ್ಲಿ ಜಾರುತ್ತದೆ. ಇಷ್ಟಪಟ್ಟು ಆರಿಸಿಕೊಳ್ಳುವುದಲ್ಲ ಅದು.

ಮರೆವು ಎಲ್ಲರಿಗೂ ಇರ್ತದಲ್ಲ?

ಇರುತ್ತದೆ. ಬಾಲ್ಯದಿಂದ ಬಿಟ್ಟೂಬಿಡದೆ ಇತ್ತೇ, ಮನೆ, ಕೆಲಸ, ನಂಟು, ದುಡ್ಡು ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಇದೆಯೇ, ಅದರಿಂದ ನಿಜವಾಗಿ ನಷ್ಟವಾಗಿದೆಯೇ ಎಂಬುದನ್ನು ನೋಡುತ್ತಾರೆ. ವರ್ಷಕ್ಕೊಮ್ಮೆ ಕೀಲಿ ಮರೆಯುವುದು ಲೆಕ್ಕಕ್ಕಿಲ್ಲ.

ರೀಲ್ಸ್‌ನಾಗ ಹೇಳಿದ್ದೆಲ್ಲಾ ನನಗ ಹೊಂದತಾವ.

ರೀಲ್ಸ್ ಮಾಡುವುದೇ ಎಲ್ಲರಿಗೂ ಹೊಂದಲಿ ಎಂದು. ಅನುಮಾನ ಹುಟ್ಟಿಸುವ ಮಟ್ಟಿಗೆ ಅವಕ್ಕೆ ನಾನು ಋಣಿ, ಅಲ್ಲಿಗೆ ಸಾಕು. ಮನೆಯಲ್ಲೇ ಏನಾದರೂ ನೋಡಬೇಕೆಂದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ತಯಾರಿಸಿದ ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿ ಇದೆ, ಅದರಲ್ಲಿ ಮೊದಲ 6 ಮುಖ್ಯ. ಅದೂ ಜರಡಿ ಅಷ್ಟೇ. ತೋರಿಸಬೇಕೋ ಬೇಡವೋ ಎಂದು ಹೇಳುತ್ತದೆ, ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ.

ಬ್ಯಾರೆ ಕಾರಣನೂ ಇರಬಹುದಲ್ಲ?

ಖಂಡಿತ, ಮತ್ತು ನಮ್ಮ ಭಾಗದಲ್ಲಿ ಅದನ್ನು ಮೊದಲು ನೋಡಲೇಬೇಕು. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ, ಬಿ12 ಇಳಿದಿದ್ದರೆ ತಲೆ ಮಂಕಾಗುತ್ತದೆ, ನೆನಪು ಕೈಕೊಡುತ್ತದೆ. ಖಿನ್ನತೆ, ಆತಂಕ, ನಿದ್ದೆಗೇಡು, ಮನೆಯಲ್ಲಿನ ಹೊಡೆತ ಬಡಿತ ಕೂಡ ಹಾಗೇ ಮಾಡುತ್ತವೆ. ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆ ಮಾಡಿಸಿಯೇ ಮುಂದಿನ ಮಾತು. ಇದಕ್ಕೊಂದು ಉಲ್ಟಾ ಮುಖವೂ ಇದೆ. ಎಷ್ಟೋ ಜನ ಹೆಂಗಸರು ವರ್ಷಗಟ್ಟಲೆ ಖಿನ್ನತೆಗೆ, ಆತಂಕಕ್ಕೆ ಮಾತ್ರ ಗುಳಿಗೆ ನುಂಗಿರುತ್ತಾರೆ. ಅವು ಇರುವುದೂ ನಿಜ, ಅವುಗಳ ಬುಡದಲ್ಲಿ ಎಡಿಎಚ್‌ಡಿ ಇದ್ದು ಯಾರೂ ಕೇಳದೇ ಹೋಗಿರುವುದೂ ನಿಜ.

ಎಲ್ಲಿ ತೋರಿಸಬೇಕು? ಬೆಂಗಳೂರಿಗೇ ಹೋಗಬೇಕೇನು?

ಹಂಪಿ ಎಕ್ಸ್‌ಪ್ರೆಸ್ಸಿನ ಟಿಕೆಟ್ ಆಮೇಲೆ ತೆಗೆಸೋಣ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಿಎಂಸಿಆರ್‌ಸಿ ಇದೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಮೂರರಲ್ಲೂ ಮನೋವೈದ್ಯಶಾಸ್ತ್ರ ವಿಭಾಗ ಇದೆ. ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಕೇಳಿಕೊಂಡೇ ಹೋಗಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿದರೆ ಸಾಮಾನ್ಯ ಸಾರಿಗೆ ಬಸ್ಸಿಗೆ ದುಡ್ಡಿಲ್ಲ. ‘ಬಸ್ಸಿಗೆ ರೊಕ್ಕ ಕೊಡ್ರಿ’ ಎಂದು ಮನೆಯಲ್ಲಿ ಕೇಳಿ, ಯಾಕೆ ಎಂದು ಹೇಳಬೇಕಾದ ಸಂಕಟ ಅಷ್ಟರಮಟ್ಟಿಗೆ ತಪ್ಪಿತು.

ಹೋಗಲು ಧೈರ್ಯ ಸಾಲದಿದ್ದರೆ ಮೊದಲು 14416ಕ್ಕೆ ಫೋನು ಹಚ್ಚಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲೂ ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಒಂದು ಮಾತು ಸೇರಿಸಲೇಬೇಕು, ಬಳ್ಳಾರಿಯವಳೆಂಬ ಹೆಮ್ಮೆಗೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಪ್ರಯೋಗ ಮೊದಲು ನಡೆದದ್ದು ನಮ್ಮ ಜಿಲ್ಲೆಯಲ್ಲಿ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್‌ನವರು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಔಷಧ ಸಿಗುವಂತೆ ಮಾಡಿದರು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾಗಿ 1996ರಲ್ಲಿ ಬೇರೆ ಜಿಲ್ಲೆಗಳಿಗೂ ಹೋಯಿತು. ಆಗಿನ ಗಮನವೆಲ್ಲ ತೀವ್ರ ಮನೋರೋಗ, ಮೂರ್ಛೆರೋಗದಂಥವುಗಳ ಮೇಲೆ, ಅದು ಸರಿಯೂ ಹೌದು. ಹಂಚು ಸುಡುವ ಹೆಂಗಸು ಆ ಪಟ್ಟಿಯಲ್ಲಿ ಇರಲಿಲ್ಲ.

ಡಾಕ್ಟರು ಏನು ಕೇಳ್ತಾರ? ಸ್ಕ್ಯಾನ್ ಮಾಡಸ್ತಾರೇನು?

ಎಡಿಎಚ್‌ಡಿಯನ್ನು ಪತ್ತೆ ಮಾಡುವ ಸ್ಕ್ಯಾನೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ಇದೆ ಎಂದು ದುಡ್ಡು ಕೇಳಿದವರಿಂದ ದೂರವಿರಿ. ಮಾತಾಡಿಸಿಯೇ ತಿಳಿಯುವುದು, ಅದಕ್ಕೆ ಹೊತ್ತು ಹಿಡಿಯುತ್ತದೆ, ಒಂದಕ್ಕಿಂತ ಹೆಚ್ಚು ಸಲ ಕರೆಯಬಹುದು. ಸರ್ಕಾರಿ ಓಪಿಡಿಯ ಗದ್ದಲದಲ್ಲಿ ಮೊದಲ ಭೇಟಿಗೇ ಎಲ್ಲ ಹೇಳಲಾಗುವುದಿಲ್ಲ. ನಮಗಂತೂ ಡಾಕ್ಟರ ಎದುರು ಕೂತ ಕೂಡಲೇ ಹೇಳಬೇಕಾದ್ದೇ ಮರೆತು ಹೋಗುತ್ತದೆ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ಮರೆವು ಜಾಸ್ತಿ’ ಎಂದು ಬರೆಯಬೇಡಿ. ‘ಕರೆಂಟ್ ಬಿಲ್ಲಿಗೆ ದುಡ್ಡಿದ್ದೂ ಕಟ್ಟದೆ ಫ್ಯೂಸ್ ಕಿತ್ತರು, ಹೋದ ವರ್ಷವೂ ಹಾಗೇ ಆಗಿತ್ತು’ ಎಂದು ಬರೆಯಿರಿ. ಹಳೆಯ ಮಾರ್ಕ್ಸ್ ಕಾರ್ಡು, ಪ್ರಗತಿಪತ್ರ ಇದ್ದರೆ ಒಯ್ಯಿರಿ. ಚಿಕ್ಕಂದಿನಲ್ಲಿ ಹೇಗಿದ್ದೆ ಎಂದು ಅವ್ವನನ್ನೋ ಅಕ್ಕನನ್ನೋ ಕೇಳಿಟ್ಟುಕೊಳ್ಳಿ. ಡಾಕ್ಟರಿಗೆ ಬೇಕಾದ್ದು 12 ವರ್ಷದೊಳಗಿನ ಸುದ್ದಿ. ‘ಅಂಗಡಿಗೆ ಕಳಿಸಿದ್ರ ಬಸವನ ಹಿಂದ ನೋಡಕೊಂತ ಹೋಗಿಬಿಡತಿದ್ದಿ’ ಎಂದು ಅವ್ವ ನಗುತ್ತಾ ಹೇಳುವ ಕಥೆಗಳೇ ಇಲ್ಲಿ ಸಾಕ್ಷಿ.

ಗುಳಿಗಿ ಚಟ ಆಗ್ತಾವಂತ ಹೇಳ್ತಾರ. ಖರೇನ?

ದೊಡ್ಡವರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಎರಡು ಬಗೆ. ಮಿಥೈಲ್‌ಫೆನಿಡೇಟ್ ಉತ್ತೇಜಕ ಗುಂಪಿನದು. ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಸಾದಾ ಗುಳಿಗೆ ಸುಮಾರು 4 ತಾಸು ನಿಲ್ಲುತ್ತದೆ, ನಿಧಾನವಾಗಿ ಬಿಡುವ ಬಗೆ ಇನ್ನೂ ಹೆಚ್ಚು ಹೊತ್ತು. ಆಟೊಮೊಕ್ಸೆಟಿನ್ ಉತ್ತೇಜಕವಲ್ಲ, ದಿನಾ ತೆಗೆದುಕೊಂಡು ಅದರ ಪರಿಣಾಮಕ್ಕೆ ವಾರಗಟ್ಟಲೆ ಕಾಯಬೇಕು. ಅಮೆರಿಕದ ವಿಡಿಯೋಗಳಲ್ಲಿ ಕೇಳುವ ಅಡರಾಲ್ ಭಾರತದಲ್ಲಿ ಮಾರಾಟಕ್ಕಿಲ್ಲ, ಹುಡುಕಬೇಡಿ.

ಮಿಥೈಲ್‌ಫೆನಿಡೇಟನ್ನು ದುರುಪಯೋಗ ಮಾಡಿಕೊಳ್ಳುವವರಿದ್ದಾರೆ, ಆದ್ದರಿಂದಲೇ ಅದು ಕಾನೂನಿನ ಬಿಗಿಯಲ್ಲಿದೆ. ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿ ಬರುವುದರಿಂದ ಅಂಗಡಿಯವರಿಗೆ ಬೇರೆ ಲೈಸೆನ್ಸ್ ಬೇಕು, ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅವರು ಇಟ್ಟುಕೊಳ್ಳುತ್ತಾರೆ. ಹಾಗಾಗಿ ಓಣಿಯ ಮೆಡಿಕಲ್ಲಿನಲ್ಲಿ ಸಿಗಲಿಲ್ಲವೆಂದು ಗಾಬರಿ ಬೇಡ. ಎಲ್ಲಿ ಸಿಗುತ್ತದೆ ಎಂದು ಚೀಟಿ ಬರೆದ ಡಾಕ್ಟರನ್ನೇ ಕೇಳಿ, ಗುಳಿಗೆ ಮುಗಿಯುವ ವಾರದ ಮೊದಲೇ ಓಡಾಡಿ. ಇದನ್ನು ನೆನಪಿಡಬೇಕಾದವರು ಮರೆವಿನವರೇ ಎಂಬುದು ಈ ಕಾನೂನು ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ.

ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಅವರ ನಿಗಾದಲ್ಲಿ ತೆಗೆದುಕೊಂಡರೆ ಚಟದ ಭಯ ಕಡಿಮೆ. ಹಸಿವು ಇಂಗುವುದು, ನಿದ್ದೆ ತಡವಾಗುವುದು, ಬಾಯಿ ಒಣಗುವುದು, ಎದೆಬಡಿತ ಮತ್ತು ಬಿಪಿ ಸ್ವಲ್ಪ ಏರುವುದು ಇರಬಹುದು. ಮೊದಲೇ ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣಿನ ಕಾಯಿಲೆ), ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇದ್ದರೆ, ಮನೆತನದಲ್ಲಿದ್ದರೂ ಮುಚ್ಚಿಡದೆ ಹೇಳಿ. ನಾಷ್ಟಾ ಮಾಡಿಯೇ ಗುಳಿಗೆ ತೆಗೆದುಕೊಳ್ಳುವುದು ಒಳ್ಳೆಯದು, ಆಮೇಲೆ ಹಸಿವೇ ಆಗದೆ ಮಧ್ಯಾಹ್ನದ ಊಟ ತಪ್ಪುತ್ತದೆ. ರಾಯಚೂರಿನ ಏಪ್ರಿಲ್ ಮೇ ಬಿಸಿಲಿನಲ್ಲಿ ಊಟವೂ ಇಲ್ಲ ನೀರೂ ಇಲ್ಲ ಎಂದಾದರೆ ತಲೆಸುತ್ತಿ ಬೀಳುವುದು ಗುಳಿಗೆಯಿಂದಲೋ ಬಿಸಿಲಿನಿಂದಲೋ ತಿಳಿಯುವುದಿಲ್ಲ.

ಎಲ್ಲರಿಗೂ ಗುಳಿಗೆ ಬೇಕೇಬೇಕು ಎಂದಿಲ್ಲ. ವರ್ತನೆ ಮತ್ತು ಯೋಚನೆಯ ಮೇಲೆ ಕೆಲಸ ಮಾಡುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿಂದಲೂ ದೊಡ್ಡವರಿಗೆ ಉಪಯೋಗವಿದೆ.

ಬ್ರಾಹ್ಮಿ, ಬಾದಾಮಿ, ತಾಯತ?

ಬಾದಾಮಿ ರುಚಿಗೆ ತಿನ್ನಿ. ಬ್ರಾಹ್ಮಿಯಿಂದ ದೊಡ್ಡವರ ಎಡಿಎಚ್‌ಡಿ ಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ತಾಯತದಿಂದ ಅತ್ತೆಗೆ ಸಮಾಧಾನವಾಗುವುದಿದ್ದರೆ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋಗಿ.

ಮುಟ್ಟಾಗೋ ಮೊದಲಿನ ವಾರ ಪೂರಾ ಹುಚ್ಚಿ ಆದಂಗ ಆಗ್ತದ. ಸಂಬಂಧ ಐತೇನು?

ಇದೆ. ಈಸ್ಟ್ರೊಜೆನ್ ಹಾರ್ಮೋನು ಮಿದುಳಿನಲ್ಲಿ ಗಮನಕ್ಕೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ಕೈಜೋಡಿಸುತ್ತದೆ. ಅದು ಇಳಿದಾಗ ಗಮನವೂ ಇಳಿಯುತ್ತದೆ ಎಂದು ಬಹಳ ಹೆಂಗಸರ ಅನುಭವ. ಮುಟ್ಟಾಗುವ ಮೊದಲಿನ ದಿನಗಳು, ಬಾಣಂತನ, ಮುಟ್ಟು ನಿಲ್ಲುವ ಹೊತ್ತಿನ ವರ್ಷಗಳು ಹೀಗೇ. ನಲವತ್ತರ ನಂತರ ಆಸ್ಪತ್ರೆಗೆ ಬರುವವರು ಹೆಚ್ಚಾಗಲು ಇದೂ ಒಂದು ಕಾರಣ. ಅಲ್ಲಿಯ ತನಕ ಹೇಗೋ ತೂಗಿಸಿಕೊಂಡು ಬಂದದ್ದು ಆಗ ಕೈಬಿಡುತ್ತದೆ. ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನದ ಪಕ್ಕ ‘ತಲೆ ಹೇಗಿತ್ತು’ ಎಂದು ಎರಡು ಮೂರು ತಿಂಗಳು ಗುರುತು ಹಾಕಿ ಡಾಕ್ಟರಿಗೆ ತೋರಿಸಿ. ಬಸುರಿ ಇದ್ದರೆ, ಮೊಲೆಹಾಲು ಕುಡಿಸುತ್ತಿದ್ದರೆ ಗುಳಿಗೆ ಶುರು ಮಾಡುವುದನ್ನೂ ನಿಲ್ಲಿಸುವುದನ್ನೂ ನೀವೇ ನಿರ್ಧರಿಸಬೇಡಿ.

ಗಂಡನ ಮನಿಯಾಗ ಹೇಳಬೇಕೋ ಬ್ಯಾಡೋ? ಇದನ್ನೇ ಹಿಡಕೊಂಡು ಬಿಟ್ಟುಬಿಟ್ರ?

ಹೆಚ್ಚು ಹೆದರಿ ಕೇಳುವ ಪ್ರಶ್ನೆ ಇದೇ. ನೀವು ವಯಸ್ಕರು, ಒಬ್ಬರೇ ಹೋಗಿ ತೋರಿಸಬಹುದು. ಮಾನಸಿಕ ಆರೋಗ್ಯ ಕಾಯ್ದೆ 2017ರ 23ನೇ ಕಲಮು ಗೌಪ್ಯತೆಯ ಹಕ್ಕು ಕೊಡುತ್ತದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟರು ಯಾರಿಗೂ ಹೇಳುವಂತಿಲ್ಲ. ವಿಚ್ಛೇದನದ ಮಾತಿಗೆ ಬಂದರೆ, ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ಒಂದು ಕಾರಣ ಹೌದು. ಆದರೆ ಜೊತೆಗೆ ಬಾಳುವುದನ್ನು ನಿರೀಕ್ಷಿಸಲಾಗದಷ್ಟು ತೀವ್ರವಾಗಿರಬೇಕು ಎಂದು ಅದೇ ಕಲಮು ಹೇಳುತ್ತದೆ. ಕಾಯಿಲೆಯ ಹೆಸರು ಹಚ್ಚಿದರೆ ಸಾಲದು, ತೀವ್ರತೆ ಸಾಬೀತಾಗಬೇಕು ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ ಪ್ರಕರಣದಲ್ಲಿ. ಎಡಿಎಚ್‌ಡಿ ಚೀಟಿಯೊಂದರಿಂದ ಸಂಸಾರ ಮುರಿಯಲು ಕಾನೂನಿನಲ್ಲಿ ದಾರಿಯಿಲ್ಲ.

ಕಾನೂನು ಬೇರೆ, ಅಡುಗೆಮನೆ ಬೇರೆ, ಅದೂ ಗೊತ್ತು. ಕೈಗೆ ಅಸ್ತ್ರ ಕೊಟ್ಟಂತಾಗುವ ಮನೆಯಾಗಿದ್ದರೆ ಹೇಳಬೇಡಿ, ಕಡ್ಡಾಯವೇನಿಲ್ಲ. ಹೇಳಬಹುದಾದ ಮನೆಯಾಗಿದ್ದರೆ ಕಾಯಿಲೆಯ ಹೆಸರಿನಿಂದ ಶುರು ಮಾಡದಿರುವುದು ಲೇಸು. ‘ಮೂರು ಕೆಲಸ ಒಟ್ಟಿಗೆ ಹೇಳಿದ್ರ ನನ್ನ ತಲ್ಯಾಗ ನಿಲ್ಲಂಗಿಲ್ಲ, ಒಂದೊಂದ ಹೇಳ್ರಿ’ ಎಂದರೆ ಅತ್ತೆಗೂ ಅರ್ಥವಾಗುತ್ತದೆ.

ಮನಿ ಕೆಲಸ ಹೆಂಗ ಸುಧಾರಿಸಬೇಕು?

ತಲೆಯಲ್ಲಿ ಇಟ್ಟುಕೊಳ್ಳುವುದನ್ನು ಬಿಡಬೇಕು. ಕಣ್ಣಿಗೆ ಕಾಣದ್ದು ನಮ್ಮ ಪಾಲಿಗೆ ಇಲ್ಲ, ಆದ್ದರಿಂದ ಎಲ್ಲವೂ ಕಣ್ಣೆದುರಿಗೆ ಬರಬೇಕು. ಗೋಡೆಗೆ ದೊಡ್ಡ ಚೌಕದ ಕ್ಯಾಲೆಂಡರು, ದಾರಕ್ಕೆ ಕಟ್ಟಿದ ಪೆನ್ನು. ಕೀಲಿಗೆ ಬಾಗಿಲ ಪಕ್ಕದ ಮೊಳೆ, ಬೇರೆಲ್ಲೂ ಇಲ್ಲ. ಒಲೆ ಹಚ್ಚಿದ ಕೂಡಲೇ ಮೊಬೈಲಿನಲ್ಲಿ ಟೈಮರ್, ಮೊಬೈಲು ಸೊಂಟದ ಚೀಲದಲ್ಲಿ. ಕಂತು, ಬಿಲ್ಲು ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಮಾಡಿಸಿ. ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಕೆಲಸ ಸಾಗುವುದು ಅನೇಕರ ಅನುಭವ. ಕಟ್ಟೆ ಮೇಲೆ ನಾಲ್ಕು ಜನ ಕೂಡಿ ಅಕ್ಕಿ ಆರಿಸುವುದು, ಸಂಡಿಗೆ ಹಾಕುವುದು ನಮ್ಮಲ್ಲಿ ಮೊದಲಿನಿಂದಲೂ ಇದ್ದದ್ದೇ. ಒಬ್ಬಳೇ ಮುಚ್ಚಿದ ಅಡುಗೆಮನೆಯಲ್ಲಿ ನಿಂತಾಗ ಆ ಅನುಕೂಲ ಹೋಗಿರುತ್ತದೆ.

ಇಷ್ಟಾದರೂ ಅರ್ಧ ಮಾತ್ರ ಆಯಿತು. ಇನ್ನರ್ಧ ಹಂಚಿಕೆ. ಗಂಡ ‘ನೀ ಹೇಳು, ನಾ ಮಾಡತೀನಿ’ ಎನ್ನುತ್ತಾನೆ. ಮಾಡುವುದು ಸುಲಭ, ನೆನಪಿಡುವುದೇ ಭಾರ, ಆ ಭಾರ ನಿಮ್ಮ ಹತ್ತಿರವೇ ಉಳಿಯಿತು. ಗ್ಯಾಸು ಮತ್ತು ಕರೆಂಟ್ ಬಿಲ್ಲು ಅವರದ್ದು ಎಂದ ಮೇಲೆ ಯಾವಾಗ ಎಂದು ನೆನಪಿಡುವುದೂ ಅವರದ್ದೇ ಆಗಬೇಕು. ಒಂದು ಸಲ ಸಿಲಿಂಡರು ಖಾಲಿಯಾಗಿ ಮಂಡಕ್ಕಿ ಒಗ್ಗರಣೆಯೂ ಇಲ್ಲದೆ ಹೋಟೆಲಿನಿಂದ ತರಿಸಬೇಕಾಗಿ ಬಂದರೆ ಬರಲಿ. ನೀವು ಓಡಿಹೋಗಿ ಬುಕ್ ಮಾಡಬೇಡಿ.

ಮಕ್ಕಳಿಗೂ ಬರ್ತದೇನು?

ವಂಶವಾಹಿಯ ಪಾಲು ದೊಡ್ಡದು, ಅವಳಿಗಳ ಅಧ್ಯಯನಗಳಲ್ಲಿ ಶೇ. 70ರಿಂದ 80ರಷ್ಟು ಕಂಡಿದೆ. ಮಗನನ್ನು ತೋರಿಸಲು ಹೋದ ತಾಯಿ ಡಾಕ್ಟರ ಪ್ರಶ್ನೆಗಳಿಗೆ ತನ್ನದೇ ಉತ್ತರ ಹೇಳಿಕೊಂಡು ಬರುವುದು ಅದಕ್ಕೇ. ಮಗಳು ಸುಮ್ಮನೆ ಕೂತು ಕನಸು ಕಾಣುವವಳಾಗಿದ್ದರೆ ಅವಳ ಕಡೆಗೂ ನೋಡಿ. ಮಗನ ಗದ್ದಲದಲ್ಲಿ ಅವಳು ಹಿಂದೆ ಬೀಳುತ್ತಾಳೆ.

ಇಷ್ಟು ವರ್ಷ ಬೈಸಿಕೊಂಡದ್ದು ನೆನಸಿಕೊಂಡ್ರ ಸಿಟ್ಟು ಬರ್ತದ.

ಬರಲಿ. ಮೊದಲು ಹಗುರ, ಆಮೇಲೆ ಅಳು, ಆಮೇಲೆ ಸಿಟ್ಟು, ಹೆಚ್ಚುಕಡಿಮೆ ಎಲ್ಲರದೂ ಇದೇ ಸಾಲು. ‘ಮೈಗಳ್ಳಿ’, ‘ಎಲ್ಲೈತಿ ನಿನ್ನ ಧ್ಯಾಸ’ ಎಂದು ಅಂದವರಲ್ಲಿ ಹೆಚ್ಚಿನವರಿಗೆ ಬೇರೆ ವಿವರಣೆ ಗೊತ್ತಿರಲಿಲ್ಲ. ನನ್ನ ಅವ್ವನಿಗೆ ವಿಷಯ ಹೇಳಿದಾಗ ಪೂರ್ತಿ ಕೇಳಿ, ‘ಹಂಗಾದ್ರ ನನಗೂ ಅದ ಐತಿ’ ಎಂದಳು. ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೆಲಸ ಬಿಟ್ಟದ್ದು, ಅರ್ಧಕ್ಕೆ ನಿಂತ ಬಿ.ಎಡ್, ಮುರಿದ ಗೆಳೆತನ, ಇವು ಗುಳಿಗೆಯಿಂದ ತಿರುಗಿ ಬರುವುದಿಲ್ಲ. ಆ ದುಃಖಕ್ಕೆ ಆಪ್ತಸಮಾಲೋಚಕರ ಹತ್ತಿರ ಕೂತು ಮಾತಾಡುವುದು ದಂಡವಲ್ಲ.

ನಮ್ಮ ಅವ್ವಗ 60 ದಾಟ್ಯಾವ. ಈಗ ತೋರಿಸಿ ಏನು ಉಪಯೋಗ?

ಬಾಲ್ಯದಿಂದಲೂ ಹೀಗೇ ಇದ್ದರೆ, ಈಗಲೂ ತೊಂದರೆ ಕೊಡುತ್ತಿದ್ದರೆ ತೋರಿಸಿ. ಆ ವಯಸ್ಸಿನಲ್ಲೂ ಚಿಕಿತ್ಸೆ ಇದೆ, ಬಿಪಿ ಮತ್ತು ಹೃದಯ ಪರೀಕ್ಷಿಸಿ ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ನಿನ್ನೆ ಮೊನ್ನೆ ತನಕ ಚೊಕ್ಕವಾಗಿ ಸಂಸಾರ ತೂಗಿಸಿದಾಕೆ ಈಗ ಒಂದೆರಡು ವರ್ಷದಿಂದ ಮರೆಯುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ ಅದು ಎಡಿಎಚ್‌ಡಿ ಅಲ್ಲ. ಅವರನ್ನು ತಡಮಾಡದೆ ಫಿಜಿಷಿಯನ್ ಅಥವಾ ನರರೋಗ ತಜ್ಞರ ಹತ್ತಿರ ಕರೆದೊಯ್ಯಿರಿ, ಹೋಗುವಾಗ ಈಗ ನುಂಗುತ್ತಿರುವ ಅಷ್ಟೂ ಗುಳಿಗೆಗಳ ಪಟ್ಟಿ ಜೊತೆಗಿರಲಿ.